ಸೇಫ್ಟಿ ಕಾರಿನ ಪರವಾಗಿ ಒಬ್ಬಳು

ಟೈರ್ ಅಂಗಡಿಯ ಮಹಡಿಯಲ್ಲಿ ಭಾನುವಾರದ ಕಾರ್ ರೇಸ್ ನೋಡಲು ಸೇರುತ್ತಿದ್ದವರೆಲ್ಲ ಆಕೆಯನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಆಕೆ ಚಿಕ್ಕಮ್ಮನಾಗಿದ್ದದ್ದು ಅವರಲ್ಲಿ ಒಬ್ಬಳಿಗೆ ಮಾತ್ರ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನ ಮಗಳಿಗೆ. ಆ ಹುಡುಗಿ ಮೊದಲ ಸಲ ಕರೆತಂದಾಗ ‘ಇವರು ನಮ್ಮ ಚಿಕ್ಕಮ್ಮ’ ಎಂದಿದ್ದೇ ತಡ, ತಲೆ ನರೆತ ಗಂಡಸರಿಗೂ ಆಕೆ ಚಿಕ್ಕಮ್ಮನಾಗಿಬಿಟ್ಟಳು.

ವಾರವಿಡೀ ಆಕೆ ಕಾರಿನ ಸೀಟುಗಳಿಗೆ ಕವರ್ ಹೊಲಿಯುತ್ತಿದ್ದಳು. ರೆಕ್ಸಿನ್ ಎಳೆದೆಳೆದು ಹೆಬ್ಬೆರಳು ಗಟ್ಟಿಯಾಗಿತ್ತು; ಅಭಿಪ್ರಾಯಗಳು ಅದಕ್ಕಿಂತ ಗಟ್ಟಿ. ಈಗಿನ ರೇಸ್ ಕಾರುಗಳಲ್ಲಿ ಮೊದಲಿನ ಅಬ್ಬರವೇ ಇಲ್ಲ ಎಂದು ಯಾರಾದರೂ ಗೊಣಗಿದರೆ, “ಸದ್ದೇ ಬೇಕಿದ್ರೆ ನನ್ನ ಹೊಲಿಗೆ ಮಿಷನ್ ಪಕ್ಕ ಬಂದು ಕೂತ್ಕೊಳ್ಳಿ” ಎನ್ನುತ್ತಿದ್ದಳು. ಶನಿವಾರದ ಚುಟುಕು ರೇಸ್ ಅವಳ ಪಾಲಿಗೆ ಉಪ್ಪಿನಕಾಯಿಯನ್ನೇ ಊಟ ಅಂತ ಬಡಿಸಿದ ಹಾಗೆ. ಜೊತೆಗಾರನಿಗೆ ದಾರಿ ಬಿಡು ಎಂದು ತಂಡದವರು ರೇಡಿಯೋದಲ್ಲಿ ಡ್ರೈವರಿಗೆ ಹೇಳಿದರಂತೂ ಮೈಯೆಲ್ಲ ಉರಿ. “ಗೆಲ್ಲಬೇಡ ಅನ್ನೋದಕ್ಕೆ ಅವನಿಗೆ ಹೆಲ್ಮೆಟ್ ಯಾಕೆ ಹಾಕಿಸ್ಬೇಕು?” ಜನ ನಗುತ್ತಿದ್ದರು. ಚಿಕ್ಕಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಿದ್ದರು. ಅವಳ ಪಾಡಿಗೆ ಅವಳು ಪರದೆ ನೋಡುತ್ತಿದ್ದಳು.

ಜಗಳ ಹೊತ್ತಿಕೊಂಡದ್ದು ಗಡ್ಡದವನ ರೇಸಿನ ದಿನ. ಹಸಿರು ಕಾರಿನ ಆ ಡ್ರೈವರ್ ಎಂದರೆ ಇಡೀ ಕೋಣೆಗೆ ಪ್ರಾಣ, ಚಿಕ್ಕಮ್ಮನಿಗೆ ಎಲ್ಲರಿಗಿಂತ ಒಂದು ಹಿಡಿ ಹೆಚ್ಚು. ಅವತ್ತು ಅವನು ಹೊಸ ಟೈರು ಹಾಕಿಸಿಕೊಂಡು ಮುಂದಿದ್ದ ಕಾರನ್ನು ಬೇಟೆನಾಯಿಯ ಹಾಗೆ ಬೆನ್ನಟ್ಟಿದ್ದ. ಇನ್ನೇನು ಹಿಂದಿಕ್ಕುತ್ತಾನೆ ಎನ್ನುವಾಗ ಹಿಂದೆಲ್ಲೋ ಒಂದು ಕಾರು ಗೋಡೆಗೆ ಬಡಿದು ಚೂರುಗಳು ದಾರಿಯುದ್ದಕ್ಕೂ ಚೆಲ್ಲಿದವು. ಸೇಫ್ಟಿ ಕಾರು ಬಂತು. ಅದು ಬಂದರೆ ಎಲ್ಲರೂ ಅದರ ಹಿಂದೆ ಸಾಲಾಗಿ, ನಿಧಾನವಾಗಿ ಹೋಗಬೇಕು. ಯಾರೂ ಯಾರನ್ನೂ ದಾಟುವಂತಿಲ್ಲ. ಮಾರ್ಷಲ್‌ಗಳು, ಅಂದರೆ ದಾರಿ ಕಾಯುವ ಸ್ವಯಂಸೇವಕರು, ಪೊರಕೆ ಹಿಡಿದು ಓಡಿದರು. ಅವರು ಗುಡಿಸಿ ಮುಗಿಸುವಷ್ಟರಲ್ಲಿ ಸುತ್ತುಗಳೂ ಮುಗಿದವು. ಗಡ್ಡದವ ಎರಡನೆಯವನಾಗಿ, ಮೆರವಣಿಗೆ ಹೋದಂತೆ, ಗೆರೆ ದಾಟಿದ.

ಕೋಣೆ ಕೊತಕೊತ ಕುದಿಯಿತು. ಅಂಗಡಿಯ ಮಾಲೀಕನೇ ಈ ಅಭಿಮಾನಿಗಳ ಸಂಘದ ಅಧ್ಯಕ್ಷ. ಎದ್ದು ನಿಂತು ಪರದೆ ಆರಿಸಿದ.

“ಇದನ್ನ ರೇಸ್ ಅಂತಾರಾ? ಅಭಿಮಾನಿಗಳ ಅಭಿಪ್ರಾಯ ಕಳಿಸಿ ಅಂತ ರೇಸ್ ನಡೆಸೋರೇ ಕೇಳಿದ್ದಾರೆ. ನಾವೂ ಕಳಿಸೋಣ. ಕೊನೇಲಿ ಅಪಘಾತ ಆದ್ರೆ ಎಲ್ಲರನ್ನೂ ನಿಲ್ಲಿಸಿ, ದಾರಿ ಸರಿ ಮಾಡಿ, ಮತ್ತೆ ಓಡಿಸ್ಬೇಕು. ಪೂರ್ತಿ ವೇಗದಲ್ಲೇ ಮುಗೀಬೇಕು.”

ಎಲ್ಲರೂ ಹೂಂಗುಟ್ಟಿದರು.

“ಅವರು ಮಾಡಿದ್ದು ಸರಿಯಾಗೇ ಇದೆ,” ಎಂದಳು ಚಿಕ್ಕಮ್ಮ.

ಅಕ್ಕನ ಮಗಳು ತಿರುಗಿ ನೋಡಿದಳು. “ಚಿಕ್ಕಮ್ಮ, ಸೋತಿದ್ದು ನಮ್ಮ ಗಡ್ಡದವ.”

“ಗೊತ್ತು. ನನಗೂ ಹೊಟ್ಟೆ ಉರೀತಿದೆ. ಉರಿಗೊಂದು ನಿಯಮ ಮಾಡೋಕಾಗುತ್ತಾ?”

ಮುಂದಿನ ಭಾನುವಾರ ರೇಸ್ ಇರಲಿಲ್ಲ. ಅಂದೇ ಸಭೆ ಸೇರಿ ಕೈ ಎತ್ತಿ ತೀರ್ಮಾನಿಸುವುದೆಂದಾಯಿತು.

ಆ ವಾರ ಚಿಕ್ಕಮ್ಮ ಅಣ್ಣನ ಬಳಿ ಹೋದಳು. ಬಸ್ ನಿಲ್ದಾಣದ ಮೂಲೆಯಲ್ಲಿ ಬೀಗದ ಕೈ ಮಾಡಿಕೊಡುವ ಚಿಕ್ಕ ಗೂಡಂಗಡಿ ಅವನದು. ಹಿಂದೆ ಅವನೂ ಮಾರ್ಷಲ್ ಆಗಿದ್ದವನೇ. ಹೀಗೇ ಒಂದು ರೇಸನ್ನು ಕೊನೆಯಲ್ಲಿ ನಿಲ್ಲಿಸಿ, ತರಾತುರಿಯಲ್ಲಿ ಮತ್ತೆ ಓಡಿಸಿದಾಗ, ಟೈರುಗಳಿನ್ನೂ ತಣ್ಣಗಿದ್ದ ಕಾರೊಂದು ಹಿಡಿತ ಸಿಗದೆ ಜಾರಿ ಬಂದು ಅವನ ಕಾಲನ್ನು ಬೇಲಿಗೆ ಒತ್ತಿಬಿಟ್ಟಿತ್ತು. ಮೊಣಕಾಲು ಇಂದಿಗೂ ಮಡಚುತ್ತಿರಲಿಲ್ಲ.

“ಭಾನುವಾರ ಬಾ ಅಣ್ಣ. ನೀನು ಬಂದು ಎರಡು ಮಾತಾಡಿದ್ರೆ ಸಾಕು.”

ಅಣ್ಣ ಕೀಲಿಯ ಪುಡಿ ಊದಿದ. “ಬರ್ತೀನಿ,” ಎಂದ. ಏನು ಮಾತಾಡುತ್ತೀ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವೇನಿದೆ ಅನ್ನಿಸಿತ್ತು.

ಭಾನುವಾರ ಅವನು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ನಿಂತು ಉಸಿರು ತೆಗೆದುಕೊಳ್ಳುತ್ತಾ ಮೇಲೆ ಬಂದ. ಕಾಲು ಚಾಚಲು ಜಾಗವಾಗಲೆಂದು ಮುಂದಿನ ಕುರ್ಚಿಯವರು ಸರಿದುಕೊಂಡರು. ಚಿಕ್ಕಮ್ಮ ಎದ್ದು, “ಇವನು ನಮ್ಮಣ್ಣ. ಮತ್ತೆ ಓಡಿಸಿ ಅಂತೀರಲ್ಲ, ಹಾಗೆ ಓಡಿಸಿದ್ರೆ ಏನಾಗುತ್ತೆ ಅಂತ ಇವನ ಕಾಲು ನೋಡಿ ತಿಳ್ಕೊಳ್ಳಿ,” ಎಂದಳು.

ಎಲ್ಲರ ಕಣ್ಣೂ ಆ ಕಾಲಿನ ಮೇಲೆ. ಅಣ್ಣ ಕೂತಲ್ಲಿಂದಲೇ ಮಾತು ಶುರುಮಾಡಿದ.

“ನನ್ನ ಕೇಳಿದ್ರೆ, ಮತ್ತೆ ಓಡಿಸ್ಬೇಕು. ರೇಸ್ ಅಂದ್ಮೇಲೆ ಓಡಿಯೇ ಮುಗೀಬೇಕು.”

ತನ್ನ ಕಿವಿಗೆ ಬಿದ್ದದ್ದು ಸರಿಯೇ ಎಂದು ಚಿಕ್ಕಮ್ಮನಿಗೆ ಅನುಮಾನವಾಯಿತು. “ಅಣ್ಣ, ಏನ್ ಹೇಳ್ತಿದ್ದೀಯ?”

“ನಿಜ ಹೇಳ್ತಿದ್ದೀನಿ. ನನ್ನ ಯಾರೂ ಕೈ ಹಿಡಿದು ಎಳ್ಕೊಂಡು ಹೋಗಿ ನಿಲ್ಲಿಸಿರಲಿಲ್ಲ. ಆಸೆಯಿಂದ ಹೋಗಿದ್ದೆ. ಇನ್ನೂ ಒಂದು ಹೆಜ್ಜೆ ಹಿಂದೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ.” ಅವನು ತಂಗಿಯ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಅವತ್ತಿಂದ ನೋಡ್ತಿದ್ದೀನಿ, ಪ್ರತಿ ವಾದಕ್ಕೂ ನನ್ನ ಕಾಲನ್ನೇ ಮುಂದೆ ಹಿಡೀತೀಯ. ನನ್ನ ಕಾಲು ತೋರಿಸಿ ಗೆಲ್ಲಬೇಡಮ್ಮ. ನಿನ್ನ ಮಾತಲ್ಲಿ ಹುರುಳಿದ್ರೆ ಅದನ್ನ ಹೇಳು.”

ಯಾರೋ ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ಚಿಕ್ಕಮ್ಮನಿಗೆ, ಒಡಹುಟ್ಟಿದವನೇ ಹತ್ತು ಜನರ ಎದುರು ಹೀಗೆ ಮಾಡಿದನಲ್ಲ ಎಂಬ ಉರಿ ಒಂದು ಕಡೆ. ಅವನ ಮಾತಿನಲ್ಲಿ ತಪ್ಪೇನಿದೆ ಎಂಬ ಚುಚ್ಚು ಇನ್ನೊಂದು ಕಡೆ. ಅಕ್ಕನ ಮಗಳು ಅವಳ ಸೆರಗು ಜಗ್ಗಿ, “ಬಿಟ್ಬಿಡಿ ಚಿಕ್ಕಮ್ಮ, ಕೂತ್ಕೊಳ್ಳಿ,” ಎಂದು ಪಿಸುಗುಟ್ಟಿದಳು.

ಅವಳು ಕೂರಲಿಲ್ಲ.

“ಸರಿ. ಕಾಲಿನ ಮಾತು ಬಿಟ್ಟೆ. ಇನ್ನು ನನ್ನ ಮಾತು ಕೇಳಿ. ಒಬ್ಬ ಇಡೀ ಮಧ್ಯಾಹ್ನ ಬೆವರು ಸುರಿಸಿ ಮುಂದೆ ಹೋಗಿರ್ತಾನೆ. ಎಲ್ಲಾರನ್ನೂ ನಿಲ್ಲಿಸಿ, ಒತ್ತಟ್ಟಿಗೆ ತಂದು, ಈಗ ಓಡಿ ಅಂದ್ರೆ ಅವನು ಓಡಿದ್ದೆಲ್ಲ ನೀರಲ್ಲಿ ಹೋಮ. ಹಿಂದಿರೋನಿಗೆ ಲಾಟರಿ. ಅಪಘಾತ ಮಾಡಿದ್ದು ಯಾರೋ, ದಂಡ ತೆರೋದು ಮುಂದಿದ್ದೋನು. ಗಡ್ಡದವನೇ ಮುಂದಿದ್ದಿದ್ರೆ ನೀವೆಲ್ಲ ಇವತ್ತು ಸೇಫ್ಟಿ ಕಾರಿಗೆ ಆರತಿ ಎತ್ತುತ್ತಿದ್ರಿ.”

ಒಬ್ಬಿಬ್ಬರು ನೆಲ ನೋಡಿದರು.

“ಇನ್ನೊಂದು. ಮತ್ತೆ ಓಡಿಸಲೇಬೇಕು ಅಂತ ನಿಯಮ ಮಾಡಿದ್ರೆ, ಗುಡಿಸೋರಿಗೆ ಬೇಗ ಬೇಗ ಅಂತ ಅವಸರ ಮಾಡ್ತಾರೆ, ಟೀವಿಯೋರು ಕಾಯ್ತಿರ್ತಾರೆ. ಅವಸರದಲ್ಲಿ ಹಾಕಿದ ಹೊಲಿಗೆ ಬಿಚ್ಚೇ ಬಿಚ್ಚುತ್ತೆ. ನಮಗೆ ಕೊನೆಗೆ ರೋಚಕ ಬೇಕು, ಅಷ್ಟೇ ತಾನೇ? ಹಾಗಂತ ಬಾಯಿ ಬಿಟ್ಟು ಹೇಳಿ. ನ್ಯಾಯ ಗೀಯ ಅನ್ಬೇಡಿ.”

“ಮುಗೀತಾ?” ಎಂದ ಅಧ್ಯಕ್ಷ.

“ಮುಗೀತು.”

ಕೈಗಳು ಎದ್ದವು. ಅಕ್ಕನ ಮಗಳು ಚಿಕ್ಕಮ್ಮನ ಕಡೆ ನೋಡದೆಯೇ ಕೈ ಎತ್ತಿದಳು. ಎತ್ತದೆ ಉಳಿದದ್ದು ಚಿಕ್ಕಮ್ಮನ ಕೈ, ಮತ್ತೆ ಸಂಘಕ್ಕೆ ಸೇರದ ಅಣ್ಣನದು.

“ಹಾಗಾದ್ರೆ ಒಮ್ಮತದಿಂದ ಅಂತ ಬರ್ಕೊಮ್ಮ,” ಎಂದು ಅಧ್ಯಕ್ಷ ಅಕ್ಕನ ಮಗಳಿಗೆ ಹೇಳಿದ. ಅವಳು ಫೋನಿನಲ್ಲಿ ಬರೆಯತೊಡಗಿದಳು.

“ಹಾಗೆ ಬರೀಬೇಡ,” ಎಂದಳು ಚಿಕ್ಕಮ್ಮ. “ನಾನು ಒಪ್ಪಿಲ್ಲ.”

“ಇಷ್ಟು ಜನರಲ್ಲಿ ನೀವೊಬ್ಬರು ಚಿಕ್ಕಮ್ಮ. ಒಬ್ಬರಿಂದ ಏನಾಗುತ್ತೆ?”

“ಏನೂ ಆಗಲ್ಲ ಅಂದ್ಮೇಲೆ ಬರೆಯೋಕೆ ಏನು ಕಷ್ಟ?”

ಅಧ್ಯಕ್ಷನ ಹುಬ್ಬು ಗಂಟಿಕ್ಕಿತು. “ನಮ್ಮೊಳಗಿನ ಜಗಳ ಊರಿಗೆಲ್ಲ ಯಾಕೆ? ಎಲ್ಲಾರೂ ಒಂದಾಗಿ ಹೇಳಿದ್ರೇನೇ ಅದಕ್ಕೊಂದು ತೂಕ. ಅಷ್ಟು ಬೇಸರ ಆಗಿದ್ರೆ... ಬರಲೇಬೇಕು ಅಂತ ಇಲ್ಲಿ ಯಾರಿಗೂ ಬಲವಂತ ಇಲ್ಲ.”

ಚಿಕ್ಕಮ್ಮ ಕುರ್ಚಿಯ ಬೆನ್ನನ್ನು ಹಿಡಿದಳು.

“ಬರ್ತೀನಿ ಅಧ್ಯಕ್ಷರೇ. ಮುಂದಿನ ರೇಸಿಗೆ ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಸಾಲಲ್ಲೇ ಕೂತ್ಕೊಳ್ತೀನಿ. ಗಡ್ಡದವನಿಗೆ ಗಂಟಲು ಹರಿಯೋ ಹಾಗೆ ಕೂಗ್ತೀನಿ. ನಿಮ್ಮ ಮಾತು ಒಪ್ಪದೇ ಇದ್ರೂ ಇಲ್ಲಿ ಕೂರೋಕೆ ಬರುತ್ತೆ ನನಗೆ. ನನ್ನ ಹೆಸರಲ್ಲಿ ನಾನು ಆಡದ ಮಾತು ಮಾತ್ರ ಹೋಗಕೂಡದು.”

ಅಧ್ಯಕ್ಷ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಣ್ಣ, “ಬರೆಸಿಬಿಡಿ ಸ್ವಾಮಿ,” ಎಂದ. “ಅವಳು ಹೇಳೋದು ತಪ್ಪು. ಆದ್ರೆ ಅವಳು ಒಪ್ಪಿಲ್ಲ ಅನ್ನೋದು ನಿಜ ತಾನೇ?”

ಅಕ್ಕನ ಮಗಳು ಅಧ್ಯಕ್ಷನ ಅಪ್ಪಣೆಗೆ ಕಾಯಲಿಲ್ಲ. ಬೆರಳಾಡಿಸಿ ಗಟ್ಟಿಯಾಗಿ ಓದಿದಳು: “ಒಬ್ಬರ ವಿರೋಧದೊಂದಿಗೆ.” ಓದಿದವಳೇ ಕಳಿಸಿಯೂಬಿಟ್ಟಳು. ಅಧ್ಯಕ್ಷ ತಲೆ ಕೊಡವಿ ಕೆಳಗೆ ಅಂಗಡಿಗೆ ಇಳಿದುಹೋದ.

ಅಣ್ಣನಿಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಚಿಕ್ಕಮ್ಮ ಒಂದು ಮೆಟ್ಟಿಲು ಕೆಳಗೆ ನಿಂತು ಭುಜ ಕೊಟ್ಟಳು.

“ಕೋಪ ಬಂತಾ?” ಎಂದ ಅಣ್ಣ.

“ಬರದೆ ಇರುತ್ತಾ? ಮೊದಲೇ ಹೇಳಬಾರದಿತ್ತಾ?”

“ನೀನು ಕೇಳಿದ್ಯಾ?”

ಬೀದಿಗೆ ಬಂದ ಮೇಲೆ ಅಣ್ಣ ನಿಂತು ಕಾಲನ್ನು ನೇರ ಮಾಡಿಕೊಂಡ. “ಆ ಲಾಟರಿ ಮಾತಿದೆಯಲ್ಲ, ಅದು ಚೆನ್ನಾಗಿತ್ತು,” ಎಂದ. “ಆದ್ರೂ ನೀನು ಹೇಳೋದು ತಪ್ಪು.”

“ತಪ್ಪು ನಿನ್ನದು,” ಎಂದಳು ಚಿಕ್ಕಮ್ಮ. “ನಡಿ, ದಾರಿಯುದ್ದಕ್ಕೂ ಹೇಳ್ತೀನಿ.”