ಭೂಮಿ ಬಸುರಾದ ದಿನ

"ಏ ಮಲ್ಲಿ, ಆ ಮಾಂಸದ ಮುದ್ದೀನ ಎತ್ತಿ ಜಾಲಿ ಹಿಂದ ಹಾಕಲೇ! ಗೌಡ್ರ ಗಾಡಿ ಬರಾಕತ್ತದ. ಬಸರಾಕಿ ಸೊಸಿನ ಕರಕೊಂಡ ಬರಾಕತ್ತಾರ. ಇದರ ಮಾರಿ ಆಕಿ ಕಣ್ಣಿಗೆ ಬಿತ್ತಂದ್ರ ನಿನ್ನ ಚರ್ಮ ಸುಲೀತೇನಿ, ರಂಡಿ."

ಹೊಲದ ಉಸ್ತುವಾರಿ ಶಾಂತಪ್ಪ ಕಾಲುವೆ ದಂಡೆಯ ಮೇಲಿಂದ ಕೂಗಿದ. ಮಲ್ಲಾಬಾಯಿ ನೀರಿನ ಕೊಡ ಇಳಿಸಿ, ಬದುವಿನ ಮೇಲೆ ಮಲಗಿಸಿದ್ದ ಮಗಳನ್ನು ಎತ್ತಿಕೊಂಡಳು. ಮೊದಲು ಕತ್ತಿನ ಕೆಳಗೆ ಅಂಗೈ ಕೊಡಬೇಕು, ಆಮೇಲೆ ಮೈ ಎತ್ತಬೇಕು. ಕೈ ತಪ್ಪಿದರೆ ತಲೆ ಹಿಂದಕ್ಕೆ ಜೋತುಬೀಳುತ್ತದೆ. ಹೆತ್ತ ದಿನ ಹೇಗಿತ್ತೋ, ಮೂರನೆಯ ವರ್ಷ ನಡೆಯುತ್ತಿರುವಾಗಲೂ ಹಾಗೆಯೇ.

"ಮುದ್ದಿ ಅನಬ್ಯಾಡ್ರಿ," ಅಂದಳು ನೆಲ ನೋಡುತ್ತ. "ಶಿವಾನಿ ಅಂತ ಹೆಸರಿಟ್ಟೇವಿ."

"ಹೆಸರಿಟ್ರ ಎದ್ದು ಕುಂದರ್ತದೇನ?"

ಬೆನ್ನಿಗೆ ಸಿಂಪಡಿಸುವ ಟ್ಯಾಂಕು ಕಟ್ಟಿಕೊಳ್ಳುತ್ತಿದ್ದ ಗಂಡಾಳುಗಳಲ್ಲಿ ಇಬ್ಬರು ನಕ್ಕರು. ಮೂರನೆಯವನು ನಗಲಿಲ್ಲ. ಅವನು ಬಾಲರಾಜ, ಮಲ್ಲಾಬಾಯಿಯ ಗಂಡ. ಟ್ಯಾಂಕಿನ ಪಟ್ಟಿಯನ್ನು ಹೆಗಲ ಮೇಲೆ ಸುಮ್ಮನೆ ಅತ್ತಿತ್ತ ಸರಿಸುತ್ತ ನಿಂತ.

ಅಂದು ಎಳ್ಳ ಅಮಾವಾಸ್ಯೆ. ಕೆಂಭಾವಿ ಕಡೆಯ ಹೊಲಗಳಲ್ಲಿ ಆ ದಿನ ಭೂಮಿತಾಯಿ ಬಸುರಿ. ಅವಳಿಗೆ ಸಜ್ಜೆ ಕಡಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆಯ ಬಯಕೆ ತೀರಿಸಿ, ಆ ಅಡುಗೆಯನ್ನೇ ಹೊಲದ ತುಂಬ ಎರಚಿ ಚರಗ ಚೆಲ್ಲುತ್ತಾರೆ. ನೇಗಿಲು, ಕುರ್ಪಿ, ಕುಡುಗೋಲು ಯಾವುದೂ ಅವಳ ಮೈ ಮುಟ್ಟುವಂತಿಲ್ಲ. ಬಸುರಿಗೆ ನೋವಾಗಬಾರದು. ಆದರೆ ವಿಶ್ವರಾಧ್ಯ ಗೌಡನ ಮೆಣಸಿನ ಗಿಡದ ಹೂವಿಗೆ ಕರಿ ನುಸಿ ಬಿದ್ದು ಎಂಟು ದಿನವಾಗಿತ್ತು. ನುಸಿಗೆ ಹಬ್ಬವಿಲ್ಲ. ಗೌಡ ಪೂಜೆ ಮಾಡಿಸುವ ಐನೋರನ್ನು ಕೇಳಿದ. ಐನೋರು ಕಣ್ಣು ಮುಚ್ಚಿ ಯೋಚಿಸಿ, "ಕಬ್ಬಿಣ ನೆಲಕ್ಕ ತಾಗಬಾರದಷ್ಟ. ಮ್ಯಾಲಿಂದ ಎಣ್ಣಿ ಹೊಡದ್ರ ದೋಷಿಲ್ಲ," ಅಂದರು. ಎಣ್ಣಿ ಅಂದರೆ ಆ ಸೀಮೆಯಲ್ಲಿ ಗಿಡಕ್ಕೆ ಹೊಡೆಯುವ ವಿಷ. ಹೀಗಾಗಿ ಹೊಲದ ಒಂದು ತುದಿಯಲ್ಲಿ ಪೂಜೆ, ಇನ್ನೊಂದು ತುದಿಯಲ್ಲಿ ವಿಷ ಎಂದು ನಿಶ್ಚಯವಾಯಿತು.

ಕೂಸನ್ನು ಜಾಲಿಯ ಹಿಂದೆ, ಮುಳ್ಳು ಸರಿಸಿ ಮಲಗಿಸಿ ಬರುವಷ್ಟರಲ್ಲಿ ಅಂಜನಾ ವಿಷ ಕಲಸುವ ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಅಂಜನಾ ಮಲ್ಲಾಬಾಯಿಯ ಮೈದುನನ ಹೆಂಡತಿ. ಹೋದ ಬೇಸಿಗೆಯಲ್ಲಿ ಮದುವೆಯಾಗಿ ಬಂದವಳು, ಈಗ ಬಸುರಿ, ಹೊಟ್ಟೆ ಆಗತಾನೇ ಕಾಣತೊಡಗಿತ್ತು. ಒಂದು ಡಬ್ಬಿಯ ಎಣ್ಣೆ, ಒಂದು ಪಾಕೀಟಿನ ಪುಡಿ ಎರಡನ್ನೂ ನೀರಿಗೆ ಸುರಿದು ಬಡಿಗೆಯಿಂದ ತಿರುವಬೇಕು. ಪುಡಿ ಗಂಟು ಕಟ್ಟಿದರೆ ಟ್ಯಾಂಕಿನ ಮೂತಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಮೊಣಕೈವರೆಗೆ ಕೈ ಇಳಿಬಿಟ್ಟು ಗಂಟನ್ನು ಬೆರಳಲ್ಲೇ ಹಿಸುಕಿ ಒಡೆಯಬೇಕು. ಹೆಂಗಸರ ಬೆರಳು ಮೆತ್ತಗಿರುತ್ತವೆ, ಗಂಟು ಬೇಗ ಸಿಗುತ್ತದೆ ಎಂದು ಆ ಕೆಲಸ ಅವರದೇ ಆಗಿತ್ತು.

ಅಂಜನಾ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡಳು.

"ಶಾಂತಪ್ಪಣ್ಣ, ಆಕಿನ್ನ ನೀರು ಹೊರಾಕ ಹಚ್ಚರಿ. ನಾ ಕಲಸ್ತೇನಿ," ಅಂದಳು ಮಲ್ಲಾಬಾಯಿ.

"ನಿನ್ನ ಕೈಯಿಂದ?" ಶಾಂತಪ್ಪ ಬೀಡಿ ಉಗುಳಿದ. "ಗ್ರಹಣದಾಗ ಕುರ್ಪಿ ಹಿಡದ ಕೈ ಅದು. ಹಬ್ಬದ ದಿನ ಡ್ರಮ್ಮಿಗೆ ನಿನ್ನ ಕೈ ತಾಗಬಾರದಂತ ಗೌಡಸ್ಯಾರು ಹೇಳ್ಯಾರ. ನೀರು ಹೊರೂದ ನಿನ್ನ ಹಣೇಬಾರ."

"ಆಕಿ ಎರಡು ಜೀವದಾಕಿ ಅದಾಳ್ರಿ. ಕಾರಿಕೊಳ್ಳಾಕತ್ತಾಳ, ನೋಡ್ರಿ."

"ಬಸರಂದ ಮ್ಯಾಲ ಕಾರಿಕೊಳ್ಳೂದ ಇರ್ತದ. ನಮ್ಮವ್ವ ಏಳು ಹಡದಾಳ, ಇಷ್ಟು ನಾಟಕ ಮಾಡಿಲ್ಲ."

ಅಂಜನಾ ಸೆರಗಿನಿಂದ ಬಾಯಿ ಒರೆಸಿಕೊಂಡು, "ಇರಲಿ ಬಿಡಕ್ಕ," ಎಂದು ಮತ್ತೆ ಕೈ ಇಳಿಬಿಟ್ಟಳು.

ಮಲ್ಲಾಬಾಯಿ ಕೊಡ ಎತ್ತಿದಳು. ಅವಳು ಶಿವಾನಿಯ ಬಸುರಿಯಾಗಿದ್ದಾಗ, ಗ್ರಹಣದ ಆ ದಿನ ಕಳೆ ತೆಗೆಯಲು ಬಾ ಎಂದು ಮನೆ ಬಾಗಿಲಿಗೆ ಬಂದು ಬೈದವನು ಇದೇ ಶಾಂತಪ್ಪ. ಆ ವರ್ಷ ಮಳೆಗಾಲದ ಮೊದಲಿನಿಂದಲೂ ಇದೇ ಡ್ರಮ್ಮಿನ ಮುಂದೆ ಅವಳೇ ಕುಳಿತಿದ್ದಳು. ಕೂಸು ವರ್ಷ ತುಂಬಿದರೂ ಕತ್ತು ನಿಲ್ಲಿಸದಿದ್ದಾಗ ಕಲಬುರಗಿಗೆ ಹೊತ್ತುಕೊಂಡು ಹೋದರು. ಅಲ್ಲಿನ ಹುಡುಗ ಡಾಕ್ಟರು ಏನೇನು ಕೆಲಸ ಮಾಡುತ್ತಿದ್ದಿ, ಏನು ಉಣ್ಣುತ್ತಿದ್ದಿ, ಎಲ್ಲಿಯ ನೀರು ಕುಡಿಯುತ್ತಿದ್ದಿ ಎಂದು ಒಂದೊಂದಾಗಿ ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ: "ಕೂಸಿನ ಮಿದುಳು, ಬೆನ್ನುಹುರಿ ಎಲ್ಲಾ ಭಾಳ ಮೊದಲ ಕಟ್ಟಾಕ ಸುರು ಆಗ್ತಾವಮ್ಮ. ತಾಯಿಗೆ ತಾನು ಬಸರ ಅಂತ ಗೊತ್ತಾಗೂಕಿಂತ ಮೊದಲ. ಎಣ್ಣಿಯಿಂದ ಆಗಿರಬಹುದು. ನಿನ್ನ ಮೈಯಾಗ ರಕ್ತ ಇಲ್ಲ, ಅದೂ ಕೂಡಿರಬಹುದು. ಹುಟ್ಟುಗುಣಾನೂ ಇರಬಹುದು. ಇದ ಕಾರಣ ಅಂತ ಖಾತ್ರಿ ಹೇಳಾಕ ಬರಂಗಿಲ್ಲ."

ಡಾಕ್ಟರಿಗೆ ಖಾತ್ರಿ ಇರಲಿಲ್ಲ. ಗ್ರಹಣದಲ್ಲಿ ಕುರ್ಪಿ ಹಿಡಿದದ್ದೇ ಕಾರಣ ಎಂದು ಐನೋರಿಗೆ ಇತ್ತು, ಗೌಡನ ಹೆಂಡತಿ ಗೌಡಸಾನಿ ಗುರುದೇವಿಗೆ ಇತ್ತು, ಊರಿಗೆಲ್ಲ ಇತ್ತು. ಮಲ್ಲಾಬಾಯಿ ಖಾತ್ರಿ ಇದ್ದವರನ್ನು ನಂಬಿದಳು. ಅಂದಿನಿಂದ ಕುರ್ಪಿ ಹಿಡಿದ ಬಲಗೈಯಲ್ಲಿ ಕೂಸಿಗೆ ತುತ್ತು ಕೊಟ್ಟಿರಲಿಲ್ಲ. ಎಡಗೈಯಲ್ಲೇ ಉಣಿಸುತ್ತಿದ್ದಳು.

ಬಿಳಿ ಕಾರು ಬಂತು. ಬನ್ನಿಗಿಡದ ಕೆಳಗೆ ಜಮಖಾನೆ ಹಾಸಿದರು. ಐದು ಕಲ್ಲಿಗೆ ಸುಣ್ಣ ಹಚ್ಚಿ, ಐದು ಪಾಂಡವರು ಎಂದು ಸಾಲಾಗಿ ಇಟ್ಟರು. ಮುಂದೆ ನೀರು ತುಂಬಿದ ತಾಮ್ರದ ಕಲಶ. ಸೊಸೆ ಬಸವೇಶ್ವರಿ ಹಸಿರು ಸೀರೆಯಲ್ಲಿ ಜಮಖಾನೆಯ ನಡುವೆ ಕುಳಿತಳು. ಬೆನ್ನಿಗೆ ದಿಂಬು ಇತ್ತು. ಗುರುದೇವಿ ಅವಳ ಬಾಯಿಗೆ ಕಡಬಿನ ತುಂಡು ಇಡುತ್ತ, "ತಿನ್ನವ್ವ. ಭೂಮ್ತಾಯಿ ನಿನ್ನಂಗ ಇವತ್ತ," ಎಂದಳು. ಗೌಡ ಬುಟ್ಟಿ ಹಿಡಿದು, "ಹುಲ್ಲುಲ್ಲಿಗ್ಯೋ!" ಎಂದು ಚರಗ ಚೆಲ್ಲುತ್ತ ಹೊರಟ. "ಚಲ್ಲಂಬ್ರಿಗ್ಯೋ!" ಎಂದು ಐನೋರು ಹಿಂದೆ ನೀರು ಚಿಮುಕಿಸಿದರು.

ಅತ್ತ ಟ್ಯಾಂಕುಗಳು ಗುಯ್‌ಗುಟ್ಟುತ್ತಿದ್ದವು. ಸಾಲಿನ ಮೇಲೆ ಬಿಳಿ ಹೊಗೆಯಂಥ ತುಂತುರು ಏಳುತ್ತಿತ್ತು. ಅಲ್ಲಿಯವರೆಗೆ ಗಾಳಿ ಕಾಲುವೆಯ ಕಡೆಗೆ, ಎಂದರೆ ಡ್ರಮ್ಮಿನ ಕಡೆಗೆ ಬೀಸುತ್ತಿತ್ತು. ಯಾರೂ ಟ್ಯಾಂಕು ನಿಲ್ಲಿಸಿರಲಿಲ್ಲ.

ಆಮೇಲೆ ಗಾಳಿ ತಿರುಗಿತು.

ಕೊಡ ಹೊತ್ತು ಬನ್ನಿಗಿಡ ದಾಟುತ್ತಿದ್ದ ಮಲ್ಲಾಬಾಯಿಗೆ ಗುರುದೇವಿಯ ಚೀರಾಟ ಕಿವಿಗೆ ಬಿತ್ತು. "ಅಯ್ಯಯ್ಯ! ಶಾಂತ್ಯಾ, ನಿಲ್ಲಸಲೇ! ಬಸರಾಕಿಗೆ ಎಣ್ಣಿ ಗಾಳಿ ಬಡೀತದ! ನಡಿ ನನ್ನವ್ವ, ಎದ್ದೇಳು. ಮೂಗು ಮುಚ್ಚಿಕೊ. ಉಸುರ ತಗೋಬ್ಯಾಡ!"

ಶಾಂತಪ್ಪ ಟವೆಲ್ಲು ಬೀಸುತ್ತ ಓಡಿದ. ಒಂದೇ ಮಾತಿಗೆ ಟ್ಯಾಂಕುಗಳೆಲ್ಲ ನಿಂತವು. ಬಸವೇಶ್ವರಿಯನ್ನು ಇಬ್ಬರು ಹಿಡಿದು ಕಾರಿಗೆ ಹತ್ತಿಸಿ ಗಾಜು ಏರಿಸಿದರು. ಬಾಟಲಿ ನೀರಿನಿಂದ ಕೈ, ಮುಖ, ಕೊರಳು ತೊಳೆಸಿದರು.

ಮಲ್ಲಾಬಾಯಿ ಕೊಡ ಹೊತ್ತೇ ನಿಂತಿದ್ದಳು.

"ಅವ್ವಾರ," ಅಂದಳು. "ಎಣ್ಣಿ ಗಾಳಿ ಬಡದ್ರ ಏನಾಗ್ತದ್ರಿ?"

"ಏನಾಗ್ತದಂದ್ರ?" ಗುರುದೇವಿ ಇನ್ನೂ ಏದುಸಿರು ಬಿಡುತ್ತಿದ್ದಳು. "ಹೊಟ್ಟ್ಯಾಗಿನ ಕೂಸಿಗೆ ತಾಕ್ತದ. ಅಷ್ಟೂ ತಿಳಿಯಂಗಿಲ್ಲೇನ ನಿನಗ?"



"ತಿಳೀತಿರಲಿಲ್ರಿ," ಅಂದಳು ಮಲ್ಲಾಬಾಯಿ. ದನಿ ಏರಲಿಲ್ಲ. "ನಿಮಗ ತಿಳಿದಿತ್ತಲ್ರಿ. ನನಗ ಗ್ರಹಣ ಅಂದ್ರಿ. ಕುರ್ಪಿ ಅಂದ್ರಿ."

"ಗ್ರಹಣದ ಮಾತ ಬ್ಯಾರೆ, ಇದು ಬ್ಯಾರೆ," ಎಂದರು ಐನೋರು, ಕಾರಿನ ಕಡೆ ನೋಡುತ್ತ.

"ಹಬ್ಬದಾಗ ಬಾಯಿ ಮಾಡಬ್ಯಾಡ, ಬೋಸಡಿ," ಗೌಡ ಬುಟ್ಟಿ ಕೆಳಗಿಟ್ಟ. "ಹಂ, ಆತು. ಗಾಜು ಏರಿಸ್ಯಾರ. ಏ ಶಾಂತ್ಯಾ, ಇನ್ನ ಹೊಡಿಸು. ಬಿಸಲು ಏರಾಕತ್ತದ."

ಡ್ರಮ್ಮಿನ ಮುಂದೆ ಅಂಜನಾ ಮತ್ತೆ ಬಾಗಿದಳು.

ಮಲ್ಲಾಬಾಯಿ ಕೊಡವನ್ನು ನೆಲಕ್ಕೆ ಬಿಟ್ಟಳು. ಅದು ಒಡೆಯಲಿಲ್ಲ, ಉರುಳಿತು. ಹೋಗಿ ಅಂಜನಾಳ ರಟ್ಟೆ ಹಿಡಿದು ಎಬ್ಬಿಸಿದಳು.

"ಬ್ಯಾಡಕ್ಕ, ಬೈತಾರ."

"ನಡಿ."

"ನಾಳಿ ಕೆಲಸ ಹೋಗ್ತದ, ಅಕ್ಕಾ—"

"ನಡಿ ಅಂದೆ."

ಎಳೆದುಕೊಂಡು ಬಂದು ಜಮಖಾನೆಯ ನಡುವೆ, ದಿಂಬಿಗೆ ಆನಿಸಿ ಕೂರಿಸಿದಳು. ಐನೋರು "ಮೈಲಿಗಿ! ಮೈಲಿಗಿ!" ಎಂದು ಪಂಚೆ ಎತ್ತಿಕೊಂಡು ಹಿಂದೆ ಸರಿದರು. ಅವಳು ಐದು ಕಲ್ಲಿನ ಮುಂದಿನ ಕಲಶವನ್ನು ಎತ್ತಿ ಅಂಜನಾಳ ಕೈ ಮೇಲೆ ಸುರಿದಳು. ನೀರು ಬೆಳ್ಳಗೆ ಇಳಿದು ಜಮಖಾನೆಗೆ ಹರಿಯಿತು.

"ನಿಮ್ಮವ್ನ, ಸೊಕ್ಕು ನೋಡು!" ಗೌಡನ ಕೊರಳ ನರ ಉಬ್ಬಿದವು. "ನಾಳಿಂದ ನಿಮ್ಮ ಓಣ್ಯಾಗಿನ ಒಂದ ಹುಳಾನೂ ನನ್ನ ಹೊಲಕ್ಕ ಕಾಲಿಡಬಾರದು! ಏ ಬಾಲ್ಯಾ, ನಿನ್ನ ಹೇಣ್ತಿನ ಎಳಕೊಂಡ ಹೋಗ್ತೀಯೋ, ನಾ ಒದೀಲೋ?"

ಬಾಲರಾಜ ಸಾಲಿನ ನಡುವೆ ನಿಂತಿದ್ದ. ಒಂದು ಗಳಿಗೆ ಗೌಡನನ್ನು ನೋಡಿದ, ಒಂದು ಗಳಿಗೆ ಹೆಂಡತಿಯನ್ನು. ಆಮೇಲೆ ಪಟ್ಟಿ ಬಿಚ್ಚಿ ಟ್ಯಾಂಕನ್ನು ಗಿಡಗಳ ಮೇಲೇ ಇಳಿಸಿದ. ನೇರ ಜಾಲಿಯ ಹಿಂದೆ ಹೋದ. ಬರುವಾಗ ಶಿವಾನಿ ಅವನ ಎದೆಯ ಮೇಲಿದ್ದಳು. ಕಾರಿನ ಮುಂದಿನಿಂದಲೇ ನಡೆದು ಬಂದ. ಒಳಗಿದ್ದ ಬಸವೇಶ್ವರಿ ಕೂಸಿನ ಮುಖ ನೋಡಿದಳು. ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಕಣ್ಣು ತೆಗೆಯಲಿಲ್ಲ.

ಉಳಿದ ಆಳುಗಳು ಇದ್ದಲ್ಲೇ ಇದ್ದರು. ಅವರಲ್ಲಿ ಒಬ್ಬ ಮುದುಕಿ ಮಾತ್ರ ಬಂದು, ಉರುಳಿದ ಕೊಡ ಎತ್ತಿ, ಕಾಲುವೆಯಿಂದ ನೀರು ತುಂಬಿ ತಂದಿಟ್ಟಳು.

ಮಲ್ಲಾಬಾಯಿ ಹಿಡಿ ಮಣ್ಣು ತೆಗೆದುಕೊಂಡು ಅಂಜನಾಳ ಕೈ ತಿಕ್ಕತೊಡಗಿದಳು. ಮೊಣಕೈ, ಮುಂಗೈ, ಬೆರಳ ಸಂದು. ಗೌಡ ಬೈಯುತ್ತಲೇ ಇದ್ದ. ಶಾಂತಪ್ಪ ಯಾರಿಗೋ ಫೋನು ಮಾಡುತ್ತಿದ್ದ.

"ವಾಸನಿ ಹೋಗವಲ್ದು, ಅಕ್ಕಾ," ಅಂಜನಾ ಕೈ ಮೂಸಿ ನೋಡಿ ಅಂದಳು.

"ತಿಕ್ಕಾಕತ್ತೇನಿ. ಹೋಗ್ತದ."

ಅಂಜನಾ ಬಾವನ ತೋಳಿನಲ್ಲಿ ಜೋತುಬಿದ್ದಿದ್ದ ಶಿವಾನಿಯ ತಲೆಯನ್ನು ಬಹಳ ಹೊತ್ತು ನೋಡಿದಳು.

"ದಸರಾದಾಗೂ ನಾನ ಕಲಸೀನಿ, ಅಕ್ಕಾ. ದಿನಾ. ಆಗ ನನಗ ಬಸರ ಅಂತ ಗೊತ್ತ ಇರಲಿಲ್ಲ." "ಆಗಿಂದು ಏನೂ ಆಗಂಗಿಲ್ಲಲ್ಲ?"

ಮಲ್ಲಾಬಾಯಿಯ ಕೈ ನಿಂತಿತು.

"ಅಕ್ಕಾ, ಹೇಳ."

ಮಲ್ಲಾಬಾಯಿ ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡಳು.

"ಆ ಕೈ ಕೊಡು," ಅಂದಳು.