ಅತ್ತೆಯ ಪಾಲಿನ ಹಾಲು

ಬನಹಟ್ಟಿಯ ನಮ್ಮ ಮನೆಯಲ್ಲಿ ಸೀರೆ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದವರು ಅತ್ತೆ ಶಿವವ್ವ. ಕಳೆದ ವರ್ಷ ಅವರ ಕೈಯಿಂದ ನೂಲು ಜಾರತೊಡಗಿತು, ನಡೆಯುವಾಗ ಹೆಜ್ಜೆ ತಪ್ಪತೊಡಗಿತು.

“ನಿದ್ದಿ ಮಾಡಾಕತ್ತೀರೇನ್ರೀ?” ಎಂದು ಒಂದು ದಿನ ಕಂಡಿಕೆ ಕಸಿದುಕೊಂಡೆ.

“ಬೆರಳು ನನ್ನ ಮಾತ ಕೇಳವಲ್ಲವು ಬೇ” ಎಂದು ಅವರು ನಕ್ಕರು.

ಮೂರು ತಿಂಗಳ ಹಿಂದೆ ಜಮಖಂಡಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ಬಹಳ ಕಡಿಮೆ ಬಂತು. ನಾನು ರೊಟ್ಟಿ ಬಡಿಯುತ್ತಿದ್ದಾಗ, ಬಿಎಸ್ಸಿ ಓದುವ ಮಗಳು ರಾಜಶ್ರೀ ಬಿಡಿಸಿ ಹೇಳಿದಳು.

“ಕಿಣ್ವ ಅಂದ್ರ ನಮ್ಮ ಮಗ್ಗ ಇದ್ದಂಗವ್ವ. ಲಾಳ್ಯಾಗ ಕಂಡಿಕಿ ಇಲ್ಲದ ಬರೇ ಮಗ್ಗ ಬಡದ್ರ ಸೀರಿ ಆಗತೈತೇನು? ನರ ಕಾಯೋ ಕೆಲಸದಾಗಿನ ಒಂದು ಕಿಣ್ವಕ್ಕ ಬಿ12 ಬೇಕ. ಆ ಕಂಡಿಕಿಯಂಥದ್ದಕ್ಕ ಕೋಫ್ಯಾಕ್ಟರ್ ಅಂತಾರ.”

“ಅದು ಯಾತರಾಗ ಇರತೈತಿ?”

“ಮಾಂಸ ತಿನ್ನದ ನಮ್ಮಂಥವರಿಗೆ ಹಾಲು ಮೊಸರಿನಾಗ.”

ಹೆಂಚಿನ ಮೇಲಿನ ರೊಟ್ಟಿ ಸೀದದ್ದು ನನಗೆ ತಿಳಿಯಲಿಲ್ಲ. ರಾಜಶ್ರೀ ಹತ್ತನೇ ತರಗತಿಗೆ ಬಂದಾಗಿನಿಂದ ಅತ್ತೆ, “ನನಗ ಸೇರೂದಿಲ್ಲ, ಓದೋ ಹುಡುಗಿಗೆ ಹಾಕು” ಎಂದು ತಮ್ಮ ಹಾಲು ಮೊಸರೆಲ್ಲ ಬಿಟ್ಟಿದ್ದರು. ಆರು ವರ್ಷ ನಾನು ಅದನ್ನು ಮಗಳ ಲೋಟಕ್ಕೆ ಸುರಿದೆ. ಖರೆ ಏನ್ರೀ ಎಂದು ಒಮ್ಮೆಯೂ ಕೇಳಲಿಲ್ಲ. ಮಗಳು ಮೈ ತುಂಬಿಕೊಳ್ಳುತ್ತಿದ್ದಾಳೆ ಎಂಬ ಖುಷಿಯಲ್ಲಿದ್ದೆ.

ಈಗ ಇಂಜೆಕ್ಷನ್ ನಡೆದಿದೆ. ನಡಿಗೆ ಸುಧಾರಿಸಿದೆ. ತಡವಾಗಿದ್ದರಿಂದ ಬೆರಳ ತುದಿಯ ಸ್ಪರ್ಶ ಪೂರ್ತಿ ಮರಳುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ.

ಇಂದು ಬೆಳಿಗ್ಗೆ ಹಾಲು ಕೊಟ್ಟರೆ ಅತ್ತೆ ರೂಢಿಯಂತೆ ಮೊಮ್ಮಗಳ ಕಡೆ ಸರಿಸಿದರು.

“ಕುಡಿ ಆಯಿ, ನಿನ್ನ ಪಾಲು ನಾ ಭಾಳ ಕುಡದೇನಿ” ಎಂದಳು ರಾಜಶ್ರೀ.

ಅತ್ತೆ ಲೋಟ ಎತ್ತಿದರು. ನಾನು ಕೆಳಗಿನಿಂದ ಹಿಡಿದೇ ಇದ್ದೆ. ಬಿಟ್ಟರೆ ಅದು ಜಾರುತ್ತಿತ್ತು.