ಕೋಳಿಗೆ ಬೇನೆ ಬಂದ ವಾರ

೧೯೭೬ರ ಬೇಸಿಗೆ. ಖಂಡಪ್ಪ ಅಕ್ಕಲಕೋಟದ ಸಂತೆಯಿಂದ ತಂದ ಕೆಂಪು ಹೇಂಟೆ ನಾಲ್ಕನೆಯ ದಿನಕ್ಕೆ ಜೋಲು ಬಿತ್ತು. ಹಸಿರು ಹಿಕ್ಕೆ ಹಾಕುತ್ತ, ಬಾಯಿ ತೆರೆದು ಉಸಿರೆಳೆಯುತ್ತ, ಸಂಜೆಯೊಳಗೆ ಸತ್ತಿತು. ವಾರ ಕಳೆಯುವಷ್ಟರಲ್ಲಿ ಅವನ ಹೆಂಡತಿ ಚಂದ್ರಭಾಗಾ ವಳಸಂಗದ ತಮ್ಮ ಮನೆಯ ಹಿತ್ತಿಲಲ್ಲಿ ಸಾಕಿದ್ದ ಹನ್ನೊಂದು ಕೋಳಿಗಳಲ್ಲಿ ಮೂರು ಸತ್ತವು, ಎರಡು ಕುತ್ತಿಗೆ ತಿರುಚಿಕೊಂಡು ನಿಂತವು.

“ಉಳಿದವನ್ನ ನಾಳೆ ಸಂತ್ಯಾಗ ಮಾರಿ ಬರ್ತೀನಿ,” ಎಂದ ಖಂಡಪ್ಪ. “ಸತ್ತ ಮ್ಯಾಲ ಯಾರು ತಗೋತಾರ?”

“ನಮಗೂ ಯಾರೋ ಹಿಂಗ ಮಾರ್ಯಾರ. ಇನ್ನೊಬ್ಬಾಕಿ ಹಿತ್ತಲಕ್ಕ ಈ ಬ್ಯಾನಿ ಕಳಸೂದು ಬ್ಯಾಡ.”

ಅವನು ಕುರಿಗಳನ್ನು ಮೇಯಿಸಲು ಹೊಡೆದುಕೊಂಡು ಹೋದ. ಅವಳು ಸತ್ತ ಕೋಳಿಯೊಂದನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಸೋಲಾಪುರದ ದನದ ದವಾಖಾನೆಗೆ ಹೋದಳು. ಕಂಪೌಂಡರ್ ಸಾತಲಿಂಗಪ್ಪ ಅದನ್ನು ಕೊಯ್ದು ನೋಡಿದ.

“ರಾಣಿಖೇತ ಬ್ಯಾನಿ ಇದು, ತಾಯಿ. ಬ್ಯಾನಿ ಬಂದ ಕೋಳಿಗಿ ಔಷಧ ಇಲ್ಲ. ಆರಾಮ ಇದ್ದವಕ್ಕ ಸೂಜಿ ಹಾಕಬಹುದು. ನಾಳೆ ಮುಂಜಾನಿ ಬರ್ತೀನಿ. ಯಾರೂ ಕೋಳಿ ಹೊರಗ ಬಿಡಬಾರದಂತ ಓಣ್ಯಾಗ ಹೇಳ್ರಿ. ನೀವು ಯಾರ ಗೂಡಿನ ಹತ್ರಾನೂ ಹೋಗಬ್ಯಾಡ್ರಿ, ಬ್ಯಾನಿ ನಿಮ್ಮ ಕೈಗಿ ಬಟ್ಟಿಗಿ ಹತ್ತಿ ಹೋಗ್ತದ.”

ಚಂದ್ರಭಾಗಾ ಪ್ರತಿ ಮನೆಯ ಮುಂದೆ ದಾರಿಯಲ್ಲೇ ನಿಂತು ಹೇಳಿದಳು. ಕೊನೆಗೆ ಉಳಿದದ್ದು ಪಕ್ಕದ ಹಣಮವ್ವನ ಮನೆ. ಬಚ್ಚಲ ನೀರಿನ ಜಗಳವಾದಾಗಿನಿಂದ ಎರಡು ವರ್ಷ ಇಬ್ಬರಿಗೂ ಮಾತಿರಲಿಲ್ಲ.

“ನಿಮ್ಮನಿಯಿಂದನ ಬಂದದ್ದೇನು?” ಎಂದು ಕೇಳಿದಳು ಹಣಮವ್ವ.

“ಹೌದಕ್ಕಾ. ಹೊಸಾ ಕೋಳೀನ ಹದಿನೈದಿಪ್ಪತ್ತು ದಿನ ಬ್ಯಾರೆ ಇಡಬೇಕಿತ್ತಂತ. ನನಗ ಗೊತ್ತಿರಲಿಲ್ಲ.”

ಹಣಮವ್ವ ಬಾಗಿಲು ಮುಚ್ಚಿಕೊಂಡಳು.

ಮರುದಿನ ಸಾತಲಿಂಗಪ್ಪ ಐಸು ತುಂಬಿದ ಥರ್ಮಾಸಿನಲ್ಲಿ ಲಸಿಕೆ ತಂದ. ಹೆಂಗಸರು ಕೋಳಿಗಳನ್ನು ಕಂಕುಳಲ್ಲಿ ಹಿಡಿದು ಬೇವಿನ ಗಿಡದಡಿ ಸೇರಿದರು. ಚಂದ್ರಭಾಗಾ ದೂರದಲ್ಲಿ, ತನ್ನ ಕಟ್ಟೆಯ ಮೇಲೆ ಒಬ್ಬಳೇ ನಿಂತು ನೋಡಿದಳು. ಥರ್ಮಾಸ ಮುಚ್ಚುವ ಹೊತ್ತಿಗೆ ಹಣಮವ್ವ ತನ್ನ ಕೋಳಿಗಳ ಬುಟ್ಟಿ ಹೊತ್ತು ಬಂದಳು.

ಓಣಿಯ ಉಳಿದ ಮನೆಗಳಲ್ಲಿ ಸತ್ತದ್ದು ನಾಲ್ಕೇ ಕೋಳಿ. ಚಂದ್ರಭಾಗಾಳ ಗೂಡು ಮಾತ್ರ ಪೂರ್ತಿ ಬರಿದಾಯಿತು. ಖಂಡಪ್ಪ ಹೇಳಿಸಿಕೊಳ್ಳದೆ ಆಳವಾಗಿ ತಗ್ಗು ತೋಡಿ, ಸತ್ತ ಕೋಳಿಗಳನ್ನು ಸುಣ್ಣ ಹಾಕಿ ಮುಚ್ಚಿದ. ಗೂಡಿಗೂ ಸುಣ್ಣ ಬಳಿದ. ಅವಳು ಎಷ್ಟೋ ದಿನ ಕಾಳು ಚೆಲ್ಲುವ ಹೊತ್ತಿಗೆ ಸುಮ್ಮನೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದಳು.

ಎರಡು ತಿಂಗಳ ಮೇಲೆ ಹಣಮವ್ವ ಒಂದು ಹೇಂಟೆಯನ್ನು ತಂದು ಅಂಗಳದಲ್ಲಿ ಇಳಿಸಿದಳು.

“ಕಾವಿಗಿ ಬಂದದ. ತತ್ತೀನೂ ತಂದೀನಿ. ನೀ ಹೇಳದಿದ್ರ ಇದೂ ಉಳೀತಿರಲಿಲ್ಲ.”

ಚಂದ್ರಭಾಗಾ ಚಹಾಕ್ಕಿಟ್ಟಳು. ಹಣಮವ್ವ ಕುಡಿದೇ ಎದ್ದಳು.